ಮಲಗಿಸಿ ಕೇಳಿದ ಎದೆ

ಸಿರಾದ ನನ್ನ ದವಾಖಾನೆಗೆ ಎರಡು ಬಾಗಿಲು. ಮುಂದಿನದು ಗಂಡಸರಿಗೆ, ಹಿಂದಿನದು ಗೋಷಾ ಹೆಂಗಸರಿಗೆ. ಹಿಂದಿನ ಕೋಣೆಯಲ್ಲಿ ಒಂದು ಮಂಚ, ಅದಕ್ಕೊಂದು ಗಿಡ್ಡ ಪರದೆ. ಒಳಗೆ ನರ್ಸ್ ಶಿವರುದ್ರಮ್ಮ ರೋಗಿಯ ಎದೆಗೆ ಸ್ಟೆತಾಸ್ಕೋಪಿನ ಬಿಲ್ಲೆ ಹಿಡಿಯುವಳು. ಉದ್ದನೆಯ ರಬ್ಬರ್ ಕೊಳವೆಯ ಈ ತುದಿ ಹೊರಗೆ ಕೂತ ನನ್ನ ಕಿವಿಯಲ್ಲಿ. ನಿಂತರೆ ಮುಖ ಕಾಣುತ್ತದೆಂದು ಹೆಂಗಸರು ಮಲಗಿಯೇ ಇರಬೇಕು. ಈ ಏರ್ಪಾಡು ಮಾಡಿದವನು ನಾನೇ. ಮರ್ಯಾದಸ್ಥ ಡಾಕ್ಟರು ಎಂದು ಊರು ಹೊಗಳುತ್ತಿತ್ತು, ನಾನೂ ಉಬ್ಬುತ್ತಿದ್ದೆ.

ಜೈನಾಬಿಗೆ ಇಪ್ಪತ್ತಾರು ವರ್ಷ. ಗಂಡ ಲಿಯಾಕತ್ ಅಲಿ ಪಾತ್ರೆಗಳಿಗೆ ಕಲಾಯಿ ಹಾಕುವವನು. ಅರವತ್ತೆರಡನೇ ಇಸವಿಯಿಂದ ಅವಳಿಗೆ ನಿಂತಲ್ಲೇ ಕಣ್ಣು ಕತ್ತಲಿಟ್ಟು ಬೀಳುವ ಕಾಯಿಲೆ. ಮೂರು ವರ್ಷದಲ್ಲಿ ಎಂಟು ಸಲ ನೋಡಿದೆ. ಎದೆ ಗಡಿಯಾರದ ಹಾಗೆ ನಡೆಯುತ್ತಿತ್ತು. ಇದು ಮನಸ್ಸಿನದು ಎಂದು ಹೇಳಿ ಕೆಂಪು ಔಷಧಿ ಕೊಟ್ಟು ಕಳಿಸುತ್ತಿದ್ದೆ.

ಅತ್ತೆ ಕರೀಮುನ್ನೀಸಾಗೆ ಅಷ್ಟೇ ಸಾಕಾಯಿತು. "ಡಾಕ್ಟರ್ ಸಾಬೇ ಹೇಳ್ಬುಟ್ರಲ್ಲ, ಬೀಮಾರಿ ಇಲ್ಲ ಅಂತ. ಕೆಲ್ಸ ಕಂಡ್ರೆ ಬೀಳ್ತಾಳೆ. ಎಲ್ಲಾ ನಾಟಕ" ಎಂದಳು, ನನ್ನೆದುರಿಗೇ. ನಾನು ಕೆಂಪು ಔಷಧಿಯ ಸೀಸೆ ತುಂಬಿಕೊಟ್ಟೆ. ನನಗೂ ಹಾಗೇ ಅನಿಸಿತ್ತು.

ಒಂಬತ್ತನೆಯ ಸಲ ಬಂದ ದಿನ ಸರದಿ ತಡವಾಯಿತು. ಜೈನಾಬಿ ಹಿಂದಿನ ಕೋಣೆಯಲ್ಲೇ ಇಳಿಹೊತ್ತಿನ ಅಸರ್ ನಮಾಜಿಗೆ ನಿಂತಳು. ನೆಲಕ್ಕೆ ಹಣೆಯಿಟ್ಟು ಎದ್ದವಳೇ ಗೋಡೆ ಸವರಿಕೊಂಡು ಕುಸಿದಳಂತೆ. ಶಿವರುದ್ರಮ್ಮ ಓಡಿಬಂದಳು.

"ಸ್ವಾಮಿ, ಮಲಗ್ಸಿದ್ ತಕ್ಷಣ ಸರಿಹೋದ್ಲು. ಎದ್ರೆ ಬೀಳೋಳ್ನ ನೀವು ಮಲಗ್ಸೇ ನೋಡ್ತೀರಲ್ಲ, ನಿಲ್ಸಿ ಕೇಳ್ಬಾರ್ದಾ?"

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ ಹನ್ನೊಂದು ವರ್ಷ ಜೊತೆಗಿದ್ದವಳ ಮಾತು ನನಗೆ ಮಾತಾಗಿರಲಿಲ್ಲ. ಸಿಡುಕಿದೆ. ಆದರೂ ಪರದೆಯನ್ನು ಎತ್ತರಕ್ಕೆ ಕಟ್ಟಿಸಿದೆ.

ನಿಲ್ಲಿಸಿದಾಗ ಎರಡು ಬಡಿತದ ನಡುವೆ ಧೊಪ್ಪೆಂದು ಒಂದು ಸದ್ದು, ಬೆನ್ನಿಗೇ ಗುಡುಗುಡು. ಮಲಗಿಸಿದೆ, ಮಾಯ. ಮತ್ತೆ ನಿಲ್ಲಿಸಿದೆ, ಮತ್ತೆ ಬಂತು. ಹೃದಯದ ಕವಾಟದಲ್ಲಿ ಅಪರೂಪಕ್ಕೊಮ್ಮೆ ಗಂಟು ಬೆಳೆಯುತ್ತದೆಂದು ಓದಿದ್ದೆ. ಕ್ಯಾನ್ಸರ್ ಅಲ್ಲ, ಆದರೆ ಎದ್ದು ನಿಂತಾಗ ಜೋತುಬಿದ್ದು ರಕ್ತದ ದಾರಿಗೇ ಅಡ್ಡ ಕೂರುತ್ತದೆ. ಇವಳು ಯಾವ ಗಳಿಗೆಯಲ್ಲಾದರೂ ಸಾಯಬಹುದಿತ್ತು, ನನ್ನ ಕೆಂಪು ಔಷಧಿ ಕುಡಿಯುತ್ತಲೇ.

ಅದೇ ವಾರ ವೇಲೂರಿನ ದೊಡ್ಡಾಸ್ಪತ್ರೆಗೆ ಕಳಿಸಿದೆ, ದಾರಿಯುದ್ದಕ್ಕೂ ಮಲಗಿಸಿಕೊಂಡೇ ಹೋಗಿ ಎಂದು ಗಂಡನಿಗೆ ಹೇಳಿ. ಅಲ್ಲಿ ರಕ್ತವನ್ನು ಯಂತ್ರದ ಮೂಲಕ ಹರಿಸಿ, ಹೃದಯ ತೆರೆದು, ನೆಲ್ಲಿಕಾಯಿ ಗಾತ್ರದ ಲೋಳೆ ಗಂಟನ್ನು ಬಿಡಿಸಿ ತೆಗೆದರು. ಕವಾಟವೂ ಉಳಿಯಿತು.

ಎರಡು ತಿಂಗಳ ಮೇಲೆ ಜೈನಾಬಿ ಬಂದಳು. ನಿಲ್ಲಿಸಿ ಕೇಳಿದೆ. ಆ ಸದ್ದಿಲ್ಲ. ಅತ್ತೆ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ನನಗೆ ನಾಚಿಕೆಯಾಗಿತ್ತು, ಹೇಳದೆ ಇರಲಾಗಲಿಲ್ಲ.

"ತಪ್ಪು ನನ್ನದಮ್ಮ. ನೀನು ನಾಟಕ ಆಡ್ತಿರಲಿಲ್ಲ."



"ನೀವೆಲ್ಲಾ ಹೇಳಿ ಹೇಳಿ ನಾನೂ ಅಂಗೇ ನಂಬಿದ್ದೆ ಡಾಕ್ಟ್ರೇ" ಎಂದಳು ಜೈನಾಬಿ. "ಬಿದ್ದಾಗೆಲ್ಲಾ, ಇವತ್ತೂ ನಾಟಕ ಆಡ್ಬುಟ್ಟೆ, ಮಾಫ್ ಮಾಡು ಅಂತ ಅಲ್ಲಾನ ಕೇಳ್ಕೊಂತಿದ್ದೆ."