ಗಿರಾಕಿಗಳದ್ದಲ್ಲ, ನಮ್ಮ ಅಳತೆ

"ರೀ, ದೇವರಿಗೆ ಯಾರ ಅಂಗಿಯ ಅಳತೆ ಕೊಟ್ರಿ ಈಗ?"

ಅಮ್ಮ ಹೀಗೆ ಕೇಳಿದಾಗ ಅಪ್ಪ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಊಟದ ಮೇಜಿನ ಸುತ್ತ ಅಪ್ಪ, ಅಮ್ಮ, ಅಜ್ಜಿ ಮತ್ತು ನಾನು ಕೈ ಜೋಡಿಸಿ, ತಲೆ ಬಗ್ಗಿಸಿ ಕೂತಿದ್ದೆವು. "ಪರಲೋಕದ ತಂದೆಯೇ, ಈ ಊಟಕ್ಕಾಗಿ ನಿನಗೆ ಸ್ತೋತ್ರ" ಎಂದು ಎಂದಿನ ರೈಲು ವೇಗದಲ್ಲಿ ಹೊರಟ ಅಪ್ಪನ ಪ್ರಾರ್ಥನೆ ನಡುವೆ ಎಲ್ಲೋ ಹಳಿ ತಪ್ಪಿ, "ಭುಜ ಹದಿನೆಂಟು, ತೋಳು ಇಪ್ಪತ್ತನಾಲ್ಕು, ಸೊಂಟ ಮೂವತ್ತೆರಡು, ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್" ಎಂದು ಹೋಗಿ ನಿಂತಿತ್ತು. ಅಭ್ಯಾಸಬಲ ನೋಡಿ, ನಾವೂ "ಆಮೆನ್" ಅಂದುಬಿಟ್ಟಿದ್ದೆವು.

"ಸೊಂಟ ಮೂವತ್ತೆರಡಾ?" ಅಜ್ಜಿ ನಮ್ಮನ್ನೆಲ್ಲ ಒಮ್ಮೆ ನೋಡಿದಳು. "ಈ ಮನೇಲಿ ಅಂಥ ಸೊಂಟ ಯಾರಿಗೂ ಇಲ್ವಲ್ಲೋ ಮಗನೇ!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಪ್ಪ ಮಾತ್ರ ನಗಲಿಲ್ಲ. ಅವನು ಟೈಲರ್, ಬೆಳಿಗ್ಗೆ ಕೊರಳಿಗೆ ಬಿದ್ದ ಟೇಪು ಮಲಗುವಾಗಲೇ ಇಳಿಯುವುದು. ಅದರ ಎರಡೂ ತುದಿ ಹಿಡಿದುಕೊಂಡು ಹೇಳಿದ:

"ನಾಳೆಯಿಂದ ಪ್ರಾರ್ಥನೆ ನೀವೇ ಯಾರಾದ್ರೂ ಮಾಡಿ. ನನ್ನ ಕೈಲಾಗಲ್ಲ. ಎಷ್ಟೋ ದಿನದಿಂದ ಹೀಗೇ ಆಗ್ತಿದೆ. ಮಷೀನು ಓಡ್ತಾನೇ ಇದೆ, ಸೂಜೀಲಿ ದಾರ ಇಲ್ಲ."

ನಾನು ನಗು ನಿಲ್ಲಿಸಿದೆ. ಹಿಂದೆಲ್ಲ ಚರ್ಚಿನಲ್ಲಿ ಅಪ್ಪ ಹಾಡಿದರೆ ಮುಂದಿನ ಸಾಲಿನವರು ತಿರುಗಿ ನೋಡುತ್ತಿದ್ದರು. ನನಗೆ ಕೈ ಜೋಡಿಸಲು ಕಲಿಸಿದವನೂ ಅವನೇ. ಅವನೇ ಕೈಬಿಟ್ಟರೆ?

"ದಾರ ಕಡಿದ್ರೆ ಅಂಗಡಿ ಮುಚ್ಚಿಬಿಡ್ತೀಯಾ?" ಅಜ್ಜಿ ಗದರಿದಳು. "ಮತ್ತೆ ಪೋಣಿಸ್ತೀಯ ತಾನೇ? ಕಣ್ಣು ಮುಚ್ಕೊಂಡು ಯಾರಾದ್ರೂ ದಾರ ಪೋಣಿಸ್ತಾರಾ? ಕಣ್ಣು ಬಿಟ್ಟು ಮಾಡು. ನಿನಗೆ ಬರೋದು ಅಳತೆ ತಾನೇ, ಅದನ್ನೇ ಹೇಳು. ಆದ್ರೆ ಗಿರಾಕಿಗಳದ್ದಲ್ಲ, ನಮ್ಮದು."

ಅಪ್ಪ ಟೇಪು ಬಿಟ್ಟು ಮತ್ತೆ ಕೈ ಜೋಡಿಸಿದ. ಆಮೇಲೆ ಕಣ್ಣು ಬಿಟ್ಟುಕೊಂಡೇ ನನ್ನ ಕಡೆ ತಿರುಗಿದ.

"ಕರ್ತನೇ... ಈ ಹುಡುಗಿ ಅಂಗಿ ನಾನು ಮೊನ್ನೆ ಮೊನ್ನೆ ಹೊಲಿದದ್ದು. ತೋಳು ಆಗಲೇ ಮಣಿಕಟ್ಟು ಬಿಟ್ಟು ಮೇಲೆ ಹೋಗಿದೆ. ಬೆಳೀತಾ ಇದಾಳೆ! ಎದುರಿಗೇ ಕೂತಿದ್ರೂ ನಾನು ನೋಡಿರಲಿಲ್ಲ. ಸ್ತೋತ್ರ."

ನಾನು ತೋಳು ಎಳೆದುಕೊಂಡೆ. ಅಪ್ಪ ಅಜ್ಜಿಯನ್ನು ನೋಡಿದ.

"ನಮ್ಮಮ್ಮನ ಭುಜ ಇಳಿದಿದೆ. ನನ್ನನ್ನ ಹೊತ್ಕೊಂಡು ಚರ್ಚಿಗೆ ನಡೆದ ಭುಜ ಇದು. ಇವತ್ತೂ ನಮ್ಮ ಮೇಜಿನ ಹತ್ರ ಇದೆಯಲ್ಲ ತಂದೆ, ಸ್ತೋತ್ರ."

ಅಜ್ಜಿ ತುಟಿ ಬಿಗಿಹಿಡಿದು ಉಪ್ಪಿನ ಡಬ್ಬಿಯನ್ನೇ ನೋಡುತ್ತ ಕೂತಳು.

"ಇನ್ನು ಇವಳು..."

"ಸೊಂಟದ ಸುದ್ದಿಗೆ ಬಂದ್ರೆ ನೋಡಿ ಮತ್ತೆ!" ಅಮ್ಮ ಎಚ್ಚರಿಸಿದಳು.

"ಇವಳು ನನಗೆ ಮಾಡಿದ್ದನ್ನ ಅಳೆಯೋಕೆ ಹೊರಟ್ರೆ ನನ್ನ ಟೇಪು ಸಾಲಲ್ಲ, ಸ್ವಾಮಿ."

"ಟೇಪು ಸಾಲದ್ದು ಯಾವುದಕ್ಕೆ ಅಂತ ಇನ್ನೊಂದು ಸಲ ಬಿಡಿಸಿ ಹೇಳಿ!"

ಅಪ್ಪನಿಗೆ ತಡೆಯಲಾಗಲಿಲ್ಲ. ಮೊದಲು ಭುಜ ಕುಲುಕಿತು, ಆಮೇಲೆ ನಗು ಹೊರಗೆ ಬಂತು. ನಗುತ್ತಲೇ ಕಣ್ಣೊರೆಸಿಕೊಂಡು, "ಇವರನ್ನೆಲ್ಲ ನನಗೆ ಕೊಟ್ಟೆಯಲ್ಲ, ಯೇಸುವೇ. ಆಮೆನ್" ಎಂದು ತಲೆ ಬಗ್ಗಿಸಿದ.

"ಆಮೆನ್," ಅಂದಳು ಅಜ್ಜಿ. "ಇನ್ಮೇಲೆ ದಿನಾ ಇಷ್ಟುದ್ದ ಹೊಲಿದ್ರೆ ಸೂಪು ತಣ್ಣಗೆ ಕುಡೀಬೇಕಾಗತ್ತೆ ಅಷ್ಟೇ."

"ಪರವಾಗಿಲ್ಲ ಅತ್ತೆ," ಅಂದಳು ಅಮ್ಮ, "ಮತ್ತೆ ಬಿಸಿ ಮಾಡ್ಕೊಡ್ತೀನಿ."

ಅಪ್ಪ ಬಗ್ಗಿದಾಗ ಟೇಪಿನ ತುದಿ ಅವನ ಸೂಪಿನ ಬಟ್ಟಲಿಗೆ ಇಳಿದಿತ್ತು. ಅಮ್ಮ ಅದನ್ನು ಮೆಲ್ಲಗೆ ಎತ್ತಿ, ಇಂಚಿಂಚಾಗಿ ಒರೆಸಿ, ಮತ್ತೆ ಅವನ ಕೊರಳಿಗೇ ಹಾಕಿದಳು.