ನಡುವೆ ಬಂದ ಆಯೇರಿ

ಕಾಲೇಜು ಸಮಿತಿಯ ಅಧ್ಯಕ್ಷ ಗಂಗಪ್ಪನವರು ಮುಂದಿನ ಸಾಲಿನಿಂದ ಎದ್ದು ರಂಗದ ಮೆಟ್ಟಿಲು ಹತ್ತುವುದನ್ನು ಕಂಡಾಗ ಉಚ್ಚಂಗೆಮ್ಮನ ಬಾಯಲ್ಲಿ ಇನ್ನೂ ಅರ್ಧ ಮಾತಿತ್ತು. ಅವರ ಕೈಯಲ್ಲಿ ಹತ್ತು ರೂಪಾಯಿಯ ನೋಟು, ಅದಕ್ಕೊಂದು ಪಿನ್ನು.

ಎಂಬತ್ತೆರಡನೆಯ ಇಸವಿಯ ಕಾಲೇಜು ವಾರ್ಷಿಕೋತ್ಸವ. ಹಗರಿಬೊಮ್ಮನಹಳ್ಳಿಯ ಬಿಸಿಲಿಗೆ ಶಾಮಿಯಾನವೇ ಬೆವರುತ್ತಿತ್ತು. ನಾಟಕ ಅಮೆರಿಕದ್ದು, ಇಂಗ್ಲಿಷ್ ಕಲಿಸುವ ಓಬಳೇಶ ಸರ್ ಕನ್ನಡಕ್ಕೆ ಇಳಿಸಿದ್ದರು. ಅಲ್ಲಿಯ ಕಾಲೇಜೊಂದರಲ್ಲಿ ಕರಿಯರ ಹುಡುಗಿಗೆ ಹಾಸ್ಟೆಲಿನಲ್ಲಿ ಜಾಗ ಕೊಡುವುದಿಲ್ಲ. ಅವಳು ಪ್ರಿನ್ಸಿಪಾಲರ ಎದುರು ನಿಂತು ಯಾಕೆಂದು ಕೇಳುತ್ತಾಳೆ. ಆ ಹುಡುಗಿಯ ಪಾತ್ರ ಉಚ್ಚಂಗೆಮ್ಮನದು, ಪ್ರಿನ್ಸಿಪಾಲರ ಪಾತ್ರ ಸರ್ ಅವರದೇ. ಬಾಡಿಗೆಯ ಪಾತ್ರದವರು ಬೇಡ, ನಮ್ಮ ವಿದ್ಯಾರ್ಥಿನಿಯೇ ಮಾಡಲಿ ಎಂದು ಹಟ ಹಿಡಿದವರೂ ಅವರೇ. ಧೈರ್ಯ ಹೇಳುವುದರಲ್ಲಿ ಓಬಳೇಶ ಸರ್ ಎತ್ತಿದ ಕೈ.

ಆ ಸೀಮೆಯ ಊರ ನಾಟಕಗಳಲ್ಲಿ ಹೆಣ್ಣುಪಾತ್ರಕ್ಕೆ ಹೊರಗಿನಿಂದ ದುಡ್ಡು ಕೊಟ್ಟು ಪಾತ್ರದಾಕೆಯನ್ನು ಕರೆಸುತ್ತಾರೆ. ಆಟದ ನಡುವೆ ದೊಡ್ಡವರು ಹತ್ತಿ ಬಂದು ಅವಳ ಸೆರಗಿಗೆ ನೋಟು ಚುಚ್ಚುತ್ತಾರೆ. ಅದೇ ಆಯೇರಿ. ಅವಳು ಕೈಮುಗಿದು, ಕೊಟ್ಟವರ ಹೆಸರು ಹೇಳಿ, ಒಂದು ಹಾಡಿಗೆ ಕುಣಿಯಬೇಕು. ಉಚ್ಚಂಗೆಮ್ಮನ ತಾಯಿ ನಾಗಕ್ಕ ಇಪ್ಪತ್ತು ವರ್ಷ ಹಾಗೆ ಕುಣಿದವಳು. ತೂತುಬಿದ್ದ ಸೆರಗು ಹೊಲಿಯುತ್ತಲೇ, "ನಿನ್ನ ಸೀರಿಗೆ ಯಾರ ಪಿನ್ನೂ ಬೀಳಬಾರದವ್ವ" ಎಂದು ಮಗಳನ್ನು ಕಾಲೇಜಿಗೆ ಕಳಿಸಿದ್ದಳು.

ಪಾಪ, ಗಂಗಪ್ಪನವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ನಾಟಕ ಮೆಚ್ಚಿದರೆ ಹೀಗೆಯೇ ಮೆಚ್ಚಬೇಕೆಂದು ಅವರು ಬಲ್ಲರು. ಆದರೆ ಉಚ್ಚಂಗೆಮ್ಮನ ಹಾಸ್ಟೆಲ್ ಸೀಟಿಗೆ ಪ್ರತಿ ಜೂನಿನಲ್ಲಿ ಅವರ ಸಹಿಯೇ ಬೀಳಬೇಕು. ಅವರ ಮುಖ ಮುರಿದರೆ ಎರಡು ವರ್ಷದ ಓದು ನೀರಿನಲ್ಲಿ ಮಾಡಿದ ಹೋಮ.

ಗುಮಾಸ್ತ ಯರ್ರೆಪ್ಪ ರೂಢಿಯಂತೆ ಮೈಕಿನಲ್ಲಿ ದಾನಿಗಳ ಹೆಸರು ಕೂಗಿಯೇಬಿಟ್ಟ. ಹುಡುಗರ ಸಿಳ್ಳೆ ಎದ್ದಿತು. ಗಂಗಪ್ಪನವರ ಕೈ ಅವಳ ಹೆಗಲ ಹತ್ತಿರ ಬಂತು.

"ಕೈ ಮುಗದುಬಿಡು, ಉಚ್ಚಂಗಿ," ಓಬಳೇಶ ಸರ್ ತುಟಿ ಅಲುಗಿಸದೆ ಪಿಸುಗುಟ್ಟಿದರು. "ಸೀಟು ಹೋಗತೈತಿ."

ನೋಟಿಗೆ ಬಾರದ ಸಿಟ್ಟು ಆ ಪಿಸುಮಾತಿಗೆ ಬಂತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಕುಂದರ್ರಿ ಯಜಮಾನ್ರ," ಎಂದಳು. "ನಾ ಪಾತ್ರದಾಕಿ ಅಲ್ರಿ. ಈ ಕಾಲೇಜಿನಾಗ ಓದಾಕಿ ಅದೀನಿ."

ಸಿಳ್ಳೆ ನಿಂತಿತು. ಗಂಗಪ್ಪನವರು ಅವಳನ್ನು ನೋಡಿದರು, ಕೈಯ ನೋಟನ್ನು ನೋಡಿದರು, ಮೆಟ್ಟಿಲಿಳಿದು ಕುರ್ಚಿಯಲ್ಲಿ ಕೂತರು. ಜೂನಿನಲ್ಲಿ ಏನಾದೀತೆಂದು ಆ ಮುಖದಿಂದ ತಿಳಿಯುವಂತಿರಲಿಲ್ಲ. ಉಚ್ಚಂಗೆಮ್ಮ ಸರ್ ಕಡೆ ತಿರುಗಿ, ತುಂಡಾಗಿದ್ದ ಮಾತನ್ನು ಮೊದಲಿನಿಂದ ಹೇಳಿದಳು.

"ನನಗೆ ಹಾಸ್ಟೆಲಿನಲ್ಲಿ ಜಾಗ ಯಾಕಿಲ್ಲ? ಹೇಳಿ ಸರ್."

ಇನ್ನು ಮಾತು ಪ್ರಿನ್ಸಿಪಾಲರದು. ಓಬಳೇಶ ಸರ್ ಮುಂದಿನ ಸಾಲಿನ ಗಂಗಪ್ಪನವರತ್ತ ನೋಡಿದರು. ಪರದೆಯ ಹಿಂದಿನಿಂದ ಅವರ ಮಾತನ್ನು ಯಾರೋ ಒಮ್ಮೆ ಹೇಳಿಕೊಟ್ಟರು, ಮತ್ತೊಮ್ಮೆ ಹೇಳಿಕೊಟ್ಟರು. ಮೂರನೆಯ ಸಲ ಅದು ಕೊನೆಯ ಸಾಲಿನವರಿಗೂ ಕೇಳಿಸಿತು. ಉಚ್ಚಂಗೆಮ್ಮ ಅವರ ಮುಖವನ್ನೇ ನೋಡುತ್ತ ನಿಂತಿದ್ದಳು.