ಬಲಗಣ್ಣು

"ಈಗ ಎಷ್ಟು ಬೆರಳು ಕಾಣಿಸುತ್ತಿವೆ ಅಂತ ಕೇಳು" ಎಂದು ಕಣ್ಣು ಪರೀಕ್ಷಿಸುತ್ತಿದ್ದ ಅಕಿನ್ಯಿ ಇಂಗ್ಲಿಷಿನಲ್ಲಿ ಹೇಳಿದಾಗ ಪ್ರೇಮಾಳ ಕಣ್ಣು ಸಭಾಂಗಣದ ಬಾಗಿಲ ಕಡೆಗಿತ್ತು. ಕಡುನೀಲಿ ಅಂಗಿ ತೊಟ್ಟ ಒಬ್ಬ ಯುವಕ ಸರತಿಯಲ್ಲಿ ಸೇರದೆ ಗೋಡೆಗೆ ಒರಗಿ ನಿಂತು, ಮೊಬೈಲನ್ನು ಎದೆಯ ಮಟ್ಟಕ್ಕೆ ಹಿಡಿದಿದ್ದ. ಮೊದಲು ಕನ್ನಡಕಗಳ ಪೆಟ್ಟಿಗೆಗಳು, ಆಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರು, ಆಮೇಲೆ ಆಫ್ರಿಕಾದಿಂದ ಬಂದ ಹೆಂಗಸರು. ಮೊಬೈಲು ನಿಧಾನವಾಗಿ ತಿರುಗುತ್ತ ಬಂದು ತನ್ನ ಮೇಜಿನ ಕಡೆ ನಿಂತಿತು ಎಂದು ಪ್ರೇಮಾಳಿಗೆ ಅನಿಸಿತು. ಹೆಗಲ ಮೇಲಿನ ಕಿತ್ತಳೆ ಬಣ್ಣದ ಶಾಲನ್ನು ಕುತ್ತಿಗೆಯ ತನಕ ಎಳೆದುಕೊಂಡಳು.

"ಪ್ರೇಮಾ?" ಎಂದಳು ಅಕಿನ್ಯಿ.

"ಸಾರಿ." ಪ್ರೇಮಾ ಎದುರು ಕೂತ ಹೆಂಗಸಿನ ಕಡೆ ತಿರುಗಿ, ಹೆಸರಿಗೆ ಅಕ್ಕ ಎಂಬರ್ಥದ ಬೆನ್ ಸೇರಿಸಿ ಗುಜರಾತಿಯಲ್ಲಿ ಕೇಳಿದಳು. "ಇಂದುಮತಿಬೆನ್, ಎಷ್ಟು ಬೆರಳು?"

"ಬೆರಳಾ? ಎಲ್ಲಿ?" ಎಂದಳು ಇಂದುಮತಿಬೆನ್. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಿದ್ದ ಅವಳ ಬಲಗಣ್ಣು ಅಗಲವಾಗಿ ತೆರೆದೇ ಇತ್ತು. ಅಕಿನ್ಯಿಯ ಕೈ ಅವಳ ಕಿವಿಯ ಹತ್ತಿರದಿಂದ ಮುಂದಕ್ಕೆ ಬರುತ್ತ ಬರುತ್ತ ಮೂಗಿನ ನೇರಕ್ಕೆ ಬಂದಮೇಲೆ, "ಹಾಂ, ಏನೋ ಅಲ್ಲಾಡ್ತು" ಎಂದಳು.

ಅಕಿನ್ಯಿಯದು ಕೀನ್ಯಾದ ಕಿಸುಮು ಎಂಬ ಊರಿನ ಒಂದು ಚರ್ಚಿನಿಂದ ಬಂದ ತಂಡ. ಕನ್ನಡಕದ ಫ್ರೇಮುಗಳನ್ನು ಸೂಟ್‌ಕೇಸ್ ತುಂಬ ತುಂಬಿಕೊಂಡು, ತಮ್ಮ ಖರ್ಚಿನಲ್ಲಿ, ಸೂರತ್ತಿನ ವಜ್ರದ ಕೆಲಸಗಾರರಿಗೂ ಅವರ ಮನೆಯವರಿಗೂ ಕಣ್ಣು ನೋಡಲು ಬಂದಿದ್ದರು. ವಜ್ರಕ್ಕೆ ಸಾಣೆ ಹಿಡಿದು ಹಿಡಿದು ಕಣ್ಣು ಸೋತವರು ವರಾಛಾ ಬಡಾವಣೆಯಲ್ಲಿ ಗಲ್ಲಿಗೊಬ್ಬರಲ್ಲ, ಮನೆಗೊಬ್ಬರಿದ್ದರು. ತಂಡವನ್ನು ಕರೆಸಿಕೊಂಡಿದ್ದು ಪ್ರೇಮಾ ಹೋಗುತ್ತಿದ್ದ ಸಣ್ಣ ಚರ್ಚಿನ ಪಾಸ್ಟರ್ ಹರೀಶ್‌ಭಾಯಿ. ಅವರು ಮೊದಲ ದಿನವೇ ಎಲ್ಲರನ್ನೂ ಕೂರಿಸಿಕೊಂಡು ಹೇಳಿದ್ದರು: "ಇಲ್ಲಿ ಪುಸ್ತಕ ಹಂಚುವ ಹಾಗಿಲ್ಲ, ಹಾಡುವ ಹಾಗಿಲ್ಲ, ಯಾರ ತಲೆಯ ಮೇಲೂ ಕೈ ಇಡುವ ಹಾಗಿಲ್ಲ. ಪ್ರಾರ್ಥನೆ ನಿಮ್ಮ ನಿಮ್ಮ ಕೋಣೆಯಲ್ಲಿ. ಇಲ್ಲಿ ಕನ್ನಡಕ ಮಾತ್ರ. ಮತಾಂತರ ಅಂತ ಒಂದು ದೂರು ಹೋದರೆ ಇವರು ವಿಮಾನ ಹತ್ತುತ್ತಾರೆ, ನಾವು ಠಾಣೆ ಹತ್ತುತ್ತೇವೆ."

ಪ್ರೇಮಾ ಬೆಟಗೇರಿಯವಳು. ಗಂಡ ವಿನಯ್ ವಿಮಾ ಕಂಪನಿಯಲ್ಲಿ ಅಧಿಕಾರಿ. ಅವನ ವರ್ಗಾವಣೆಯ ಬೆನ್ನು ಹತ್ತಿ ಸೂರತ್ತಿಗೆ ಬಂದು ಕತಾರ್‌ಗಾಮಿನ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿದ್ದಳು. ರೋಗಿಗಳ ಜೊತೆ ಮಾತಾಡುತ್ತಲೇ ಗುಜರಾತಿ ನಾಲಿಗೆಗೆ ಹತ್ತಿತ್ತು. ಅದಕ್ಕೇ ಹರೀಶ್‌ಭಾಯಿ ಅವಳನ್ನು ಅಕಿನ್ಯಿಯ ಪಕ್ಕದಲ್ಲಿ ದುಭಾಷಿಯಾಗಿ ಕೂರಿಸಿದ್ದರು. ಬೆಳಿಗ್ಗೆ ಅವಳು ಹೊರಡುವಾಗ ವಿನಯ್ ಬೂಟಿನ ಲೇಸು ಕಟ್ಟುತ್ತ ತಲೆ ಎತ್ತದೆ ಹೇಳಿದ್ದ.

"ಈ ಬ್ಯಾಸಗಿಗೆ ಹುಬ್ಬಳ್ಳಿಗೆ ವರ್ಗಾ ಆಗೂದೈತಿ. ಅಲ್ಲೀ ಮಟ ಏನೂ ಆಗಬಾರದು ನೋಡು."

"ನಾವೇನ್ ಕಳವು ಮಾಡಾಕ ಹೊಂಟೀವೇನ್ರಿ? ಕನ್ನಡಕ ಕೊಡಾಕ ಹೊಂಟೀವಿ."

"ಅದು ನಿನಗ ಗೊತ್ತೈತಿ, ನನಗ ಗೊತ್ತೈತಿ. ಉಳದೋರಿಗೆ ಗೊತ್ತಾಗಬೇಕಲ್ಲ?" ಎಂದು ಎದ್ದು ನಿಂತವನು, "ಫೋಟೋದಾಗ ನಿಲ್ಲಬ್ಯಾಡ" ಎಂದಿದ್ದ.

ಈಗ ನೀಲಿ ಅಂಗಿಯವನು ಗೋಡೆ ಬಿಟ್ಟು ಎರಡು ಸಾಲು ಮುಂದೆ ಬಂದಿದ್ದ.

ಅಕಿನ್ಯಿ ಟಾರ್ಚು ಕೆಳಗಿಟ್ಟು, ಪಕ್ಕದ ಮೇಜಿನಲ್ಲಿದ್ದ ಸೂರತ್ತಿನ ಕಣ್ಣಿನ ಡಾಕ್ಟರು ಬರೆದಿದ್ದ ಚೀಟಿಯನ್ನು ಇನ್ನೊಮ್ಮೆ ನೋಡಿದಳು. ಅಕಿನ್ಯಿ ಅರವತ್ತು ದಾಟಿದ, ದಪ್ಪ ಮೈಯ, ನಿಧಾನದ ಹೆಂಗಸು. "ಪ್ರೇಮಾ, ಇದನ್ನು ಸರಿಯಾಗಿ ಹೇಳಬೇಕು. ಕನ್ನಡಕ ಎಡಗಣ್ಣಿಗೆ ಮಾತ್ರ ಉಪಯೋಗ. ಬಲಗಣ್ಣಿನ ಒಳಗೆ ಒತ್ತಡ ಬಹಳ ಇದೆ, ಅದು ಹೆಚ್ಚುಕಡಿಮೆ ಹೋಗಿದೆ. ಎಡಗಣ್ಣೂ ಶುರುವಾಗಿದೆ. ಈ ವಾರವೇ ದೊಡ್ಡ ಕಣ್ಣಾಸ್ಪತ್ರೆಗೆ ಹೋಗಲೇಬೇಕು. ಮನೆಯಿಂದ ಯಾರಾದರೂ ಜೊತೆಗೆ ಬರಬೇಕು."

ಪ್ರೇಮಾ ಬಾಯಿ ತೆರೆಯುವ ಮೊದಲೇ ಇಂದುಮತಿಬೆನ್ ಮೇಜಿನ ಮೇಲೆ ಕೈಚಾಚಿ ಅಕಿನ್ಯಿಯ ಮಣಿಕಟ್ಟು ಹಿಡಿದುಕೊಂಡಳು. "ಬೆನ್, ಕಣ್ಣಿನ ಮಾತು ಬಿಡಿ, ನನಗೆ ವಯಸ್ಸಾಯ್ತು. ನನ್ನ ದೀಕರೊ, ನನ್ನ ಮಗ ನಿತಿನ್, ದೀಪಾವಳಿ ರಜೆಗೆ ಅಂತ ಮನೆಗೆ ಬಂದವನು. ಕಾರ್ಖಾನೆ ಮತ್ತೆ ತೆರೀಲೇ ಇಲ್ಲ. ಹಗಲೆಲ್ಲ ಟೆರೇಸಿನ ಮೇಲೆ ಕೂತಿರ್ತಾನೆ. ಊಟಕ್ಕೆ ಕರೆದರೂ ಇಳಿಯೋಲ್ಲ, ಮಾತೇ ಆಡೋಲ್ಲ. ಮೆಟ್ಟಿಲ ಬುಡದಲ್ಲಿ ಕಿವಿಗೊಟ್ಟುಕೊಂಡು ಕೂತಿರ್ತೀನಿ ನಾನು. ಎದೆ ಹೊಡ್ಕೊಳ್ಳುತ್ತೆ. ನೀವೆಲ್ಲ ದೇವರ ಹತ್ತಿರ ಕೇಳ್ತೀರಂತೆ, ಕೇಳಿದರೆ ಆಗುತ್ತಂತೆ. ಈ ಬೆನ್‌ಗೆ ಹೇಳಿ, ನನ್ನ ಮಗನಿಗೋಸ್ಕರ ಒಂದು ಮಾತು ಕೇಳಲಿ. ಇಲ್ಲೇ ಕೇಳಲಿ."

ಅವಳ ದನಿ ದೊಡ್ಡದಾಗಿತ್ತು. ಹಿಂದಿನ ಕುರ್ಚಿಯವರು ತಲೆ ಎತ್ತಿದರು. ನೀಲಿ ಅಂಗಿಯವನ ಮೊಬೈಲು ಈಗ ನೇರವಾಗಿ, ಅನುಮಾನಕ್ಕೆ ಎಡೆಯಿಲ್ಲದಂತೆ, ಈ ಮೇಜಿನ ಮೇಲೆಯೇ ನಿಂತಿತ್ತು.

"ಏನು ಹೇಳುತ್ತಿದ್ದಾರೆ?" ಎಂದಳು ಅಕಿನ್ಯಿ, ಹಿಡಿದ ಕೈಯನ್ನು ಬಿಡಿಸಿಕೊಳ್ಳದೆ.

ಪ್ರೇಮಾ ಮೊಬೈಲಿನ ಕಡೆ ಒಮ್ಮೆ ನೋಡಿದಳು. "ಕನ್ನಡಕ ಯಾವಾಗ ಬರುತ್ತೆ ಅಂತ ಕೇಳ್ತಿದ್ದಾರೆ" ಎಂದುಬಿಟ್ಟಳು.

ಅಕಿನ್ಯಿ ಅವಳ ಮುಖವನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ಇಂದುಮತಿಬೆನ್‌ಳ ಕೈಯನ್ನು ಎರಡೂ ಕೈಗಳಿಂದ ಒಮ್ಮೆ ಒತ್ತಿ ಬಿಟ್ಟಳು. "ಶುಕ್ರವಾರ" ಎಂದಳು.

"ಶುಕ್ರವಾರ ಕನ್ನಡಕ ಬರುತ್ತೆ, ಬೆನ್. ಬಲಗಣ್ಣನ್ನು ಯಾವಾಗಲಾದರೂ ಆಸ್ಪತ್ರೆಗೆ ತೋರಿಸಿ. ಈಗ ಏಳಿ, ಹಿಂದೆ ಜನ ಕಾಯ್ತಿದ್ದಾರೆ." ಈ ವಾರವೇ ಎಂಬುದು, ಎಡಗಣ್ಣೂ ಎಂಬುದು, ಜೊತೆಗೆ ಯಾರಾದರೂ ಎಂಬುದು ಯಾವುದೂ ಅವಳ ಬಾಯಿಂದ ಬರಲಿಲ್ಲ.

ನೀಲಿ ಅಂಗಿಯವನು ಇಂದುಮತಿಬೆನ್‌ಳನ್ನು ಬಾಗಿಲ ಹತ್ತಿರ ತಡೆದ. ಮರ್ಯಾದೆಯಿಂದಲೇ ಕೇಳಿದ: "ಮಾಸಿ, ಅವರು ಏನು ಹೇಳಿದರು? ಏನಾದರೂ ಕೊಟ್ಟರಾ? ಅವರ ದೇವರ ಮಾತು ತೆಗೆದರಾ?"

"ಏನು ಕೊಡ್ತಾರೆ?" ಎಂದಳು ಇಂದುಮತಿಬೆನ್, ಸಭಾಂಗಣಕ್ಕೆಲ್ಲ ಕೇಳುವಂತೆ. "ನಾನೇ ಬಾಯಿಬಿಟ್ಟು ಕೇಳಿದೆ, ನನ್ನ ಮಗನಿಗಾಗಿ ಪ್ರಾರ್ಥನೆ ಮಾಡಿ ಅಂತ. ಅದನ್ನೂ ಮಾಡಲಿಲ್ಲ. ಏಳಿ ಅಂದರು."

ಅವನು ಮೊಬೈಲು ಕೆಳಗಿಳಿಸಿದ. ಆಮೇಲೆ ಪ್ರೇಮಾಳ ಮೇಜಿಗೆ ಬಂದು ಹೆಸರು ಕೇಳಿದ. "ಪ್ರೇಮಾಬೆನ್" ಎಂದಳು. ಪೂರ್ತಿ ಹೆಸರು ಕೇಳಿದ. "ಪ್ರೇಮಾ ವಿನಯ್‌ಕುಮಾರ್. ಕರ್ನಾಟಕ. ನರ್ಸು." ಆ ಹೆಸರಿನಲ್ಲಿ ಕ್ರೈಸ್ತಳೆಂಬ ಸುಳಿವೇನೂ ಅವನಿಗೆ ಸಿಗಲಿಲ್ಲ. ತಲೆಯಾಡಿಸಿ ಹೋದ. ಪ್ರೇಮಾಳಿಗೆ ಮೊದಲು ಹಗುರವೆನಿಸಿತು; ಮರುಗಳಿಗೆಯಲ್ಲಿ ಹಾಗೆ ಹಗುರವೆನಿಸಿದ್ದಕ್ಕೇ ಮುಖ ಬಿಸಿಯಾಯಿತು.

ಊಟದ ಹೊತ್ತಿಗೆ ಅಕಿನ್ಯಿ ತಟ್ಟೆ ಹಿಡಿದು ಅವಳ ಪಕ್ಕದಲ್ಲಿ ಬಂದು ಕೂತಳು. ಖಿಚಡಿಯನ್ನು ಕಲಸುತ್ತ, "ಆಕೆ ಕೇಳಿದ್ದು ಕನ್ನಡಕದ ವಿಷಯ ಅಲ್ಲ" ಎಂದಳು.

ಪ್ರೇಮಾಳ ಕೈ ನಿಂತಿತು.

"ಕಿಸುಮುವಿನಲ್ಲಿ ನಾನು ಚಿಕ್ಕವಳಿದ್ದಾಗ ಒಬ್ಬ ಪಟೇಲರ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮನೆಯವರೆಲ್ಲ ಗುಜರಾತಿ. ಈಗ ಬಹುಪಾಲು ಮರೆತಿದೆ. ಆದರೆ ದೀಕರೊ ಅನ್ನೋ ಪದ ಯಾರಿಗೆ ಮರೆಯುತ್ತದೆ? ಆ ಮನೆಯ ಅಜ್ಜಿ ದಿನವೆಲ್ಲ ಅದನ್ನೇ ಕೂಗುತ್ತಿದ್ದಳು."

"ಆ ಮನುಷ್ಯ ವೀಡಿಯೋ ಮಾಡುತ್ತಿದ್ದ" ಎಂದಳು ಪ್ರೇಮಾ. ತನ್ನ ದನಿ ತನಗೇ ಕೇಳದಷ್ಟು ಸಣ್ಣದಾಗಿತ್ತು.

"ನಾನೂ ನೋಡಿದೆ. ಅದಕ್ಕೇ ಸುಮ್ಮನಿದ್ದೆ." ಅಕಿನ್ಯಿ ನೀರು ಕುಡಿದಳು. "ನಾನು ನಾಡಿದ್ದು ಹೋಗುತ್ತೇನೆ ಪ್ರೇಮಾ. ಇಲ್ಲಿ ಇರುವವಳು ನೀನು. ನಿನ್ನ ಭಯ ತಪ್ಪು ಅಂತ ಹೇಳುವಷ್ಟು ಧೈರ್ಯ ನನಗಿಲ್ಲ. ಕಣ್ಣಿನ ವಿಷಯ ಮಾತ್ರ ಸರಿಯಾಗಿ ಹೇಳಿದೆ ತಾನೇ?"

ಪ್ರೇಮಾ "ಹೇಳಿದೆ" ಎಂದಳು. ಆ ದಿನ ಅವಳು ಆಡಿದ ಎರಡನೆಯ ಸುಳ್ಳು ಅದು.

ಸಾಯಂಕಾಲ ವಡೋದರಾದ ಹಾಸ್ಟೆಲಿನಿಂದ ಮಗಳು ಮಹಿಮಾಳ ಫೋನು ಬಂತು. "ಮಮ್ಮೀ, ನಮ್ಮ ಕಾಲೇಜ್ ಗ್ರೂಪ್‌ನಲ್ಲಿ ಒಂದು ವೀಡಿಯೋ ಆಯಾ ಹೈ. ಸೂರತ್‌ನಲ್ಲಿ ಫಾರಿನರ್ಸ್ ಕ್ಯಾಂಪ್ ಅಂತ. ಆರೆಂಜ್ ಶಾಲ್ ಹಾಕಿದ್ದು ನೀನೇ ನಾ? ಫೇಸ್ ಕಾಣ್ತಿಲ್ಲ, ಲೇಕಿನ್ ಶಾಲ್ ನಿಂದೇ." ವಿನಯ್ ಫೋನು ಇಸಿದುಕೊಂಡು ಮಗಳು ಕಳಿಸಿದ ವೀಡಿಯೋವನ್ನು ಮತ್ತೆ ಮತ್ತೆ ನೋಡಿದ. ಇಂದುಮತಿಬೆನ್ ಬಾಗಿಲಲ್ಲಿ ಹೇಳಿದ ಮಾತು ಅದರಲ್ಲಿ ಇರಲಿಲ್ಲ. ಅವಳು ಅಕಿನ್ಯಿಯ ಕೈ ಹಿಡಿದದ್ದು ಇತ್ತು. ಅದರ ಕೆಳಗೆ ಯಾರೋ ಪ್ರಶ್ನಾರ್ಥಕ ಚಿಹ್ನೆಗಳನ್ನು ಸಾಲಾಗಿ ಹಾಕಿದ್ದರು.

"ಆ ಶಾಲು ಒಳಗ ಇಟ್ಟುಬಿಡು" ಎಂದ ವಿನಯ್. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಮರುದಿನ ಬೆಳಿಗ್ಗೆ ಸಭಾಂಗಣದವರು ಜಾಗ ಕೊಡುವುದಿಲ್ಲ ಎಂದರು. ಪೊಲೀಸರು ಹರೀಶ್‌ಭಾಯಿಯನ್ನು ಕರೆಸಿ, ತಂಡದವರ ಪಾಸ್‌ಪೋರ್ಟುಗಳನ್ನು ನೋಡಿ, ಒಂದಷ್ಟು ಪ್ರಶ್ನೆ ಕೇಳಿ, ಶಿಬಿರ ಮುಗಿಸಿಬಿಡಿ ಎಂದು ಕಳುಹಿಸಿದರು. ಅಷ್ಟಕ್ಕೇ ಮುಗಿದದ್ದೇ ದೊಡ್ಡದು ಎಂದು ಎಲ್ಲರೂ ಅಂದುಕೊಂಡರು. ಅಕಿನ್ಯಿ ಮತ್ತು ಉಳಿದವರು ಅಹಮದಾಬಾದಿಗೆ ಹೋಗಿ ಅಲ್ಲಿಂದ ವಿಮಾನ ಹತ್ತಿದರು. ಶುಕ್ರವಾರಕ್ಕೆ ತಯಾರಾದ ಕನ್ನಡಕಗಳು ಮಾತ್ರ ಹಿಂದೆ ಉಳಿದವು. ಒಂದೊಂದು ಪೊಟ್ಟಣದ ಮೇಲೂ ಹೆಸರು, ವಸತಿ ಸೊಸೈಟಿಯ ವಿಳಾಸ. ಹರೀಶ್‌ಭಾಯಿ ಅವನ್ನು ಚರ್ಚಿನ ಬೆಂಚಿನ ಮೇಲೆ ಹರಡಿಟ್ಟು, "ಯಾರಿಗೆ ಧೈರ್ಯವಿದೆಯೋ ಅವರು ತಗೊಳ್ಳಿ, ಯಾರಿಗೂ ಬಲವಂತವಿಲ್ಲ" ಎಂದರು. ಪ್ರೇಮಾ ಬೆಂಚಿನ ಸುತ್ತ ಸುಮ್ಮನೆ ಓಡಾಡಿದಳು. ಆಮೇಲೆ ಒಂದೇ ಒಂದು ಪೊಟ್ಟಣ ತೆಗೆದುಕೊಂಡಳು.

"ನಾ ಒಂದ್ ಸಲ ವರಾಛಾಕ್ಕ ಹೋಗಿ ಬರ್ತೀನ್ರಿ" ಎಂದಳು ಮನೆಯಲ್ಲಿ. "ಆಕಿ ಎಡಗಣ್ಣೂ ಹೋಗ್ತೈತಿ. ನಾ ಹೇಳಲಿಲ್ಲ. ಅಂಜಿಕೀಗೆ ನುಂಗಿಬಿಟ್ಟೆ."

ವಿನಯ್ ಟಿವಿಯ ದನಿ ತಗ್ಗಿಸಿದ. "ಫೋನ್ ಮಾಡಿ ಹೇಳಿದ್ರ ಆಗೂದಿಲ್ಲೇನು?"

"ಆಕಿ ನಂಬರ್ ಇಲ್ಲ. ಇದ್ರೂ ಫೋನಿನಾಗ ಹೇಳೂ ಮಾತಲ್ಲ ಇದು."

ಅವನು ಎದ್ದು ಸ್ಕೂಟರಿನ ಕೀಲಿ ತೆಗೆದುಕೊಂಡ. "ನಡಿ. ನಾ ಮ್ಯಾಲ ಬರೂದಿಲ್ಲ ಮತ್ತ."

ಸೊಸೈಟಿಯ ಕೆಳಗೆ ಸ್ಕೂಟರು ನಿಲ್ಲಿಸಿದಮೇಲೂ ಅವನು ಹೆಲ್ಮೆಟ್ ತೆಗೆಯಲಿಲ್ಲ. ಪಾನ್ ಅಂಗಡಿಯವನು ಅವನನ್ನು ನೋಡಿದ. ಅವನು ಹೆಲ್ಮೆಟಿನೊಳಗಿಂದಲೇ ಬೇರೆ ಕಡೆ ತಿರುಗಿದ. ಪ್ರೇಮಾ ಮೆಟ್ಟಿಲು ಹತ್ತಿದಳು. ಪ್ರತಿ ಮಹಡಿಯಲ್ಲೂ ಬಾಗಿಲುಗಳು ತೆರೆದೇ ಇದ್ದವು. ಯಾರಮ್ಮ, ಎಲ್ಲಿಗೆ ಎಂದು ಯಾರಾದರೂ ಕೇಳಿದರೆ ಏನು ಹೇಳುವುದೆಂದು ಯೋಚಿಸುತ್ತಲೇ ಹತ್ತಿದಳು. ಯಾರೂ ಕೇಳಲಿಲ್ಲ.

ಇಂದುಮತಿಬೆನ್ ಅವಳನ್ನು ಕೂಡಲೇ ಗುರುತಿಸಲಿಲ್ಲ. ಮುಖವನ್ನು ಬಲಕ್ಕೆ ತಿರುಗಿಸಿ, ಹಕ್ಕಿಯ ಹಾಗೆ ಓರೆಯಾಗಿ ನೋಡಿ, "ಓ, ಏಳಿ ಅಂದ ಬೆನ್" ಎಂದಳು.

ಪ್ರೇಮಾ ಹೊಸ್ತಿಲಲ್ಲಿ ನಿಂತೇ ಎಲ್ಲವನ್ನೂ ಹೇಳಿದಳು. ಬಲಗಣ್ಣು ಹೋಗಿರುವುದು, ಎಡಗಣ್ಣೂ ಹೋಗಲು ಶುರುವಾಗಿರುವುದು, ತಾನು ಅದನ್ನು ಅಂದು ಪೂರ್ತಿ ಹೇಳದೆ ಹೋದದ್ದು. ಅಕಿನ್ಯಿಗೆ ಇಂದುಮತಿಯ ಮಾತನ್ನು ತಿರುಚಿ ಹೇಳಿದ್ದನ್ನೂ ಹೇಳಿದಳು. ಇಂದುಮತಿಬೆನ್ ಕನ್ನಡಕದ ಪೊಟ್ಟಣವನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದಳು. ಕೋಪ ಮಾಡಲಿಲ್ಲ.

"ಆಸ್ಪತ್ರೆಗೆ ಯಾರು ಕರ್ಕೊಂಡು ಹೋಗ್ತಾರೆ? ರಸ್ತೆ ದಾಟೋಕೇ ಆಗೋಲ್ಲ ನನಗೆ. ಅವನಿಗೆ ಹೇಳಿಲ್ಲ. ಅವನ ತಲೆ ಮೇಲೆ ಇನ್ನೊಂದು ಯಾಕೆ?"

"ನಾನು ಹೇಳ್ತೀನಿ" ಎಂದಳು ಪ್ರೇಮಾ. ಹೇಳಿ ಟೆರೇಸಿನ ಮೆಟ್ಟಿಲಿನ ಕಡೆ ತಿರುಗಿದಳು.

ಟೆರೇಸಿನಲ್ಲಿ ಸಂಕ್ರಾಂತಿಯ ಗಾಳಿಪಟಗಳ ಹರಿದ ದಾರ ಎಲ್ಲೆಂದರಲ್ಲಿ ಬಿದ್ದಿತ್ತು. ನೀರಿನ ಟ್ಯಾಂಕಿನ ನೆರಳಲ್ಲಿ, ಅಂಚಿನ ಗೋಡೆಗೆ ಬೆನ್ನು ಕೊಟ್ಟು, ಇಪ್ಪತ್ತೆಂಟು ಮೂವತ್ತರ ಯುವಕನೊಬ್ಬ ಕೂತಿದ್ದ. ಗಡ್ಡ ಬೆಳೆದಿತ್ತು. ಸುತ್ತಲಿನ ಟೆರೇಸುಗಳಲ್ಲಿ ಬಟ್ಟೆ ಒಣಗಿಸುವವರು, ಫೋನಿನಲ್ಲಿ ಮಾತಾಡುವವರು, ಹಪ್ಪಳ ತಿರುವುವವರು ಇದ್ದರು. ಎಲ್ಲರಿಗೂ ಇಲ್ಲಿಯದು ಕಾಣುತ್ತಿತ್ತು. ಕೆಳಗೆ ಬಗ್ಗಿ ನೋಡಿದರೆ ವಿನಯ್‌ನ ಹೆಲ್ಮೆಟು ಕಂಡೀತು ಎನಿಸಿದರೂ ಪ್ರೇಮಾ ಬಗ್ಗಲಿಲ್ಲ. ಯುವಕನಿಂದ ಸ್ವಲ್ಪ ದೂರದಲ್ಲಿ, ಬಿಸಿ ಸಿಮೆಂಟಿನ ಮೇಲೆ ಕೂತಳು.

"ನಿತಿನ್‌ಭಾಯಿ, ನಾನು ನರ್ಸು. ನಿಮ್ಮ ತಾಯಿಗೆ ಒಂದು ಕಣ್ಣು ಕಾಣುವುದಿಲ್ಲ."

ಅವನು ತಿರುಗಲಿಲ್ಲ.

"ಇನ್ನೊಂದು ಕಣ್ಣೂ ಹೋಗಬಹುದು. ಈಗ ತೋರಿಸಿದರೆ ಅದು ಉಳಿಯುತ್ತೆ. ಅವರೊಬ್ಬರೇ ಹೋಗೋಕೆ ಆಗೋಲ್ಲ. ನಾಳೆ ಬೆಳಿಗ್ಗೆ ನಾನು ದೊಡ್ಡ ಕಣ್ಣಾಸ್ಪತ್ರೆಯ ಬಾಗಿಲಲ್ಲಿ ಇರ್ತೀನಿ. ಅಲ್ಲೀವರೆಗೆ ಯಾರಾದರೂ ಕರ್ಕೊಂಡು ಬರಬೇಕು."

ದೂರದಲ್ಲಿ ಕುಕ್ಕರು ಕೂಗಿತು. ಪ್ರೇಮಾ ಇನ್ನೇನು ಏಳಬೇಕೆಂದುಕೊಂಡಳು. ಆಗ ಅವನ ದನಿ ಬಂತು, ಬಹಳ ದಿನ ಮುಚ್ಚಿಟ್ಟ ಕಪಾಟು ತೆಗೆದ ಹಾಗೆ ಬಿಗಿಯಾಗಿ.

"ಯಾವ ಕಣ್ಣು?"

"ಬಲಗಣ್ಣು."

ಮೆಟ್ಟಿಲ ಕಡೆಯಿಂದ ಉಬ್ಬಸದ ಸದ್ದು ಕೇಳಿತು. ಇಂದುಮತಿಬೆನ್ ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವಿ ಮೇಲೆ ಬರುತ್ತಿದ್ದಳು. ಬಾಗಿಲಿಗೆ ಬಂದು ನಿಂತು, ಪ್ರೇಮಾ ಎಲ್ಲಿದ್ದಾಳೆಂದು ಮುಖ ಓರೆ ಮಾಡಿ ಹುಡುಕಿ, "ಬೆನ್" ಎಂದಳು. "ಆ ಬೆನ್ ಹೋದಳು. ಪರವಾಗಿಲ್ಲ. ನಿಮಗೂ ಪ್ರಾರ್ಥನೆ ಬರುತ್ತಲ್ಲ?"

ಪ್ರೇಮಾ ಸುತ್ತ ನೋಡಿದಳು. ಎದುರು ಟೆರೇಸಿನ ಹೆಂಗಸು ಹಪ್ಪಳ ಬಿಟ್ಟು ಇತ್ತಲೇ ನೋಡುತ್ತಿದ್ದಳು. ಅವಳು ತಿರುಗಲಿ ಎಂದು ಪ್ರೇಮಾ ಕಾಯಲಿಲ್ಲ. ಎದ್ದು ಹೋಗಿ ಇಂದುಮತಿಬೆನ್‌ಳ ಕೈ ಹಿಡಿದಳು. ಗುಜರಾತಿಯಲ್ಲಿ ಪದ ಸಿಗಲಿಲ್ಲ, ಇಂಗ್ಲಿಷಿನಲ್ಲೂ ಸಿಗಲಿಲ್ಲ. "ಯಪ್ಪಾ ದೇವರ..." ಎಂದು ಬೆಟಗೇರಿಯ ಕನ್ನಡದಲ್ಲಿ, ಪಿಸುಮಾತಿಗಿಂತ ಸ್ವಲ್ಪ ಮೇಲಿನ ದನಿಯಲ್ಲಿ ಶುರುಮಾಡಿದಳು. "ಈ ತಾಯೀ ಮಗನ್ನ ಕೆಳಗ ಇಳಸು. ಆಕೀಗೆ ಒಂದ್ ಕಣ್ಣರ ಉಳಸು." ಕಣ್ಣು ಮುಚ್ಚುವ ಧೈರ್ಯವಾಗದೆ ತೆರೆದುಕೊಂಡೇ ಹೇಳುತ್ತಿದ್ದಳು.

ಹಾಗಾಗಿ ಅವಳಿಗೆ ಕಂಡಿತು. ಟ್ಯಾಂಕಿನ ನೆರಳಲ್ಲಿ ನಿತಿನ್ ಒಂದು ಅಂಗೈಯಿಂದ ತನ್ನ ಬಲಗಣ್ಣನ್ನು ಮುಚ್ಚಿಕೊಂಡಿದ್ದ. ಮುಖವನ್ನು ಬಲಕ್ಕೆ, ಆಮೇಲೆ ಇನ್ನೂ ಸ್ವಲ್ಪ ಬಲಕ್ಕೆ ತಿರುಗಿಸುತ್ತ, ಬಾಗಿಲಲ್ಲಿ ನಿಂತ ತಾಯಿಯನ್ನು ನೋಡುತ್ತಿದ್ದ.